ಕಾಸರಗೋಡಿಗೆ ಬಂದವರು ರಾತ್ರಿ ಎಲ್ಲಿ ಮಲಗುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಉತ್ತರ ತುದಿಯ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. 2017ರಿಂದ ಮಾಳಿಗೆಯ ಎರಡು ಕೋಣೆಗಳನ್ನು ಬಂದವರಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಅಂದಿನಿಂದ ಫೋನಿನಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಜನ ಕೇಳುವುದು ಹೆಚ್ಚು ಕಡಿಮೆ ಒಂದೇ ಥರದ ಪ್ರಶ್ನೆಗಳು. "ಬಿಸಿನೆಸ್ ಹೇಗಿದೆ?" ಎಂಬಲ್ಲಿಂದ ಶುರುವಾಗಿ "ಗೌರ್ಮೆಂಟು ಕೋಟಿಗಟ್ಟಲೆ ಟೂರಿಸ್ಟ್ ಬಂದ್ರು ಅಂತದಲ್ಲ, ಅವರೆಲ್ಲ ಎಲ್ಲಿ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪ್ರತಿ ಸಲ ಹೇಳಿ ಸಾಕಾಯಿತು. ಒಮ್ಮೆ ಬರೆದು ಇಡುತ್ತೇನೆ.

ರಾತ್ರಿ ತಂಗುವ ಪ್ರವಾಸಿ ಅಂದ್ರೆ ಯಾರು? ಬಂದವರೆಲ್ಲ ಪ್ರವಾಸಿಗಳೇ ಅಲ್ವಾ?

ಮಾತಿನಲ್ಲಿ ಹೌದು, ಲೆಕ್ಕದಲ್ಲಿ ಅಲ್ಲ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಇದಕ್ಕೆ ಒಂದು ಗೆರೆ ಎಳೆದಿದೆ. ತನ್ನ ದಿನನಿತ್ಯದ ಜಾಗ ಬಿಟ್ಟು ಬೇರೆ ಕಡೆ ಹೋಗಿ, ಅಲ್ಲಿ ಕಡಿಮೆಯೆಂದರೆ ಒಂದು ರಾತ್ರಿ ಇದ್ದು, ಒಂದು ವರ್ಷದೊಳಗೆ ವಾಪಸು ಬರುವವನು ಪ್ರವಾಸಿ. ಅಲ್ಲಿಗೆ ಕೆಲಸಕ್ಕೆ ಸೇರಲು ಹೋದವನು ಇದರಲ್ಲಿ ಬರುವುದಿಲ್ಲ. ಬೆಳಿಗ್ಗೆ ಬಂದು ಸಂಜೆ ಹೊರಟವನು ಒಂದು ದಿನದ ಭೇಟಿಗಾರ, ಅಷ್ಟೇ. ಆ ರಾತ್ರಿಗೆ ದುಡ್ಡು ಕೊಟ್ಟಿರಬೇಕು ಎಂದು ಎಲ್ಲೂ ಇಲ್ಲ. ಚಿಕ್ಕಮ್ಮನ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದರೂ ಪ್ರವಾಸಿಯೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು, ಜನರ ಲೆಕ್ಕ ಬೇರೆ, ರಾತ್ರಿಗಳ ಲೆಕ್ಕ ಬೇರೆ. ನಾಲ್ಕು ಜನ ಎರಡು ರಾತ್ರಿ ಇದ್ದರೆ ಬಂದವರು ನಾಲ್ಕು, ರಾತ್ರಿಗಳು ಎಂಟು. ಪೇಪರಿನಲ್ಲಿ ಬರುವುದು ಸಾಮಾನ್ಯವಾಗಿ ಮೊದಲನೆಯದು. ಅಡುಗೆಯವಳಿಗೆ ಸಂಬಳ ಕೊಡಬೇಕಾದ ನಮ್ಮಂಥವರಿಗೆ ಬೇಕಾಗಿರುವುದು ಎರಡನೆಯದು.

ಕರ್ನಾಟಕಕ್ಕೆ 18 ಕೋಟಿ ಜನ, ಕೇರಳಕ್ಕೆ ಬರೀ 2 ಕೋಟಿ. ಕೇರಳ ಅಷ್ಟು ಹಿಂದಿದೆಯಾ?

ಬೆಂಗಳೂರಿನ ನೆಂಟರು ಬಂದಾಗಲೆಲ್ಲ ಇದನ್ನು ಹೇಳಿ ನಗುತ್ತಾರೆ. 2022ರ ಅಂಕಿ ನೋಡಿದರೆ ಕರ್ನಾಟಕದ ದೇಶೀ ಪ್ರವಾಸಿಗರು 18 ಕೋಟಿ ದಾಟಿದ್ದಾರೆ, ಕೇರಳದ್ದು 1.88 ಕೋಟಿ. ಹತ್ತು ಪಟ್ಟು ವ್ಯತ್ಯಾಸ.

ಆದರೆ ಅಳತೆಯ ಸೇರೇ ಬೇರೆ. ಕೇರಳದ ಇಲಾಖೆ ಹೋಟೆಲ್, ಲಾಡ್ಜ್, ರೆಸಾರ್ಟ್‌ಗಳಿಂದ ಲೆಕ್ಕ ತರಿಸಿಕೊಳ್ಳುತ್ತದೆ. ಅಂದರೆ ಯಾವುದೋ ರಿಜಿಸ್ಟರಿನಲ್ಲಿ ಹೆಸರು ಬರೆಸಿ ಮಲಗಿದವನು ಮಾತ್ರ ಸಿಗುತ್ತಾನೆ. ಕರ್ನಾಟಕದಂಥ ದೊಡ್ಡ ಸಂಖ್ಯೆಯ ರಾಜ್ಯಗಳಲ್ಲಿ ದೇವಸ್ಥಾನ, ಕೋಟೆ, ಅರಮನೆಗಳಿಗೆ ಬಂದುಹೋದವರೂ ಸೇರುತ್ತಾರೆ. ಒಂದೇ ಕಾರಿನವರು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಮೂರೂ ಮುಗಿಸಿದರೆ ಮೂರು ಸಲ ಸಿಕ್ಕಿಬೀಳಬಹುದು. ಹಾಗಾಗಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಯಾರು ಮುಂದೆ ಎನ್ನುವುದು ಸುಮ್ನೆ ಟೈಂಪಾಸ್. ಒಂದೇ ರಾಜ್ಯದ ಹೋದ ವರ್ಷ, ಈ ವರ್ಷ ಹೋಲಿಸಿದರೆ ಏನಾದರೂ ತಿಳಿಯುತ್ತದೆ.

ಸರಿ, ಹಾಗೆ ಹೋಲಿಸಿದರೆ ಕೇರಳದ ಟ್ರೆಂಡ್ ಹೇಗಿದೆ?

2019ರಲ್ಲಿ ದೇಶದೊಳಗಿನವರು 1.83 ಕೋಟಿ, ವಿದೇಶಿಯರು 11.89 ಲಕ್ಷ. 2020ರಲ್ಲಿ ಕೋವಿಡ್ ಬಂತು, ದೇಶೀ ಸಂಖ್ಯೆ 50 ಲಕ್ಷದ ಹತ್ತಿರಕ್ಕೆ ಕುಸಿಯಿತು. 2021ರಲ್ಲಿ 75 ಲಕ್ಷ; ಆ ವರ್ಷ ವಿದೇಶಿಯರು ಬರೀ 60 ಸಾವಿರ. 2022ಕ್ಕೆ ದೇಶೀ ಸಂಖ್ಯೆ ಎದ್ದು ಹಳೆಯ ಮಟ್ಟ ದಾಟಿತು. 2023ರಲ್ಲಿ 2.18 ಕೋಟಿ, 2024ರಲ್ಲಿ 2.22 ಕೋಟಿ. ವಿದೇಶಿಯರು 2024ರಲ್ಲೂ 7.38 ಲಕ್ಷ ಮಾತ್ರ, 2019ರ ಐದರಲ್ಲಿ ಮೂರು ಪಾಲು.

ಎರಡು ವಿಷಯ ಗಮನಿಸಿ. ಒಂದು, ಕೇರಳವನ್ನು ಎತ್ತಿ ನಿಲ್ಲಿಸಿದವರು ಕೇರಳದವರೇ ಮತ್ತು ಅಕ್ಕಪಕ್ಕದ ರಾಜ್ಯದವರು, ಬಿಳಿಯರಲ್ಲ. ಎರಡು, 2023ರಿಂದ 2024ಕ್ಕೆ ಏರಿಕೆ ನೂರಕ್ಕೆ ಎರಡೂ ಇಲ್ಲ. ಕೋವಿಡ್ ಮುಗಿದ ಖುಷಿಗೆ ಮನೆ ಬಿಟ್ಟು ಓಡಿದವರ ಭರ ಇಳಿದಿದೆ ಎಂದೇ ನನಗನಿಸುತ್ತದೆ.

ನಮ್ಮ ಕಡೆಗೆ ಕೋವಿಡ್ ಕಾಲದ ನೆನಪು ಸ್ವಲ್ಪ ಬೇರೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರಲ್ಲ, ಆಗ ಪ್ರವಾಸಿಗಳ ಮಾತು ಬಿಡಿ, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರೇ ಗಡಿಯ ತಲಪಾಡಿಯಲ್ಲಿ ನಿಂತುಬಿಟ್ಟರು. ಮರುವರ್ಷ ಆರ್‌ಟಿಪಿಸಿಆರ್ ಸರ್ಟಿಫಿಕೇಟ್ ಕೇಳಿದರು. ಈಚೆ ಉಪ್ಪಳದಲ್ಲಿ ಮನೆ, ಆಚೆ ತೊಕ್ಕೊಟ್ಟಿನಲ್ಲಿ ಅಂಗಡಿ ಇದ್ದವರಿಗೆ ಗಡಿ ಎಂಬುದೊಂದು ಇದೆ ಎಂದು ಮೊದಲ ಬಾರಿಗೆ ಗೊತ್ತಾದದ್ದು ಆಗ.

ಇದರಲ್ಲಿ ಕಾಸರಗೋಡಿನ ಪಾಲೆಷ್ಟು?

ಕಡಿಮೆ. ಎರ್ನಾಕುಳಂ ಮೇಲೆ, ಇಡುಕ್ಕಿ, ತಿರುವನಂತಪುರ, ತೃಶೂರು, ವಯನಾಡಿನ ಹೆಸರು ಆಗಾಗ ಕೇಳುತ್ತದೆ, ನಾವು ಪಟ್ಟಿಯ ಕೆಳಗಿನ ತುದಿಯಲ್ಲಿ ಸಿಗುತ್ತೇವೆ. ಕೇರಳದ ನಕಾಶೆಯಲ್ಲಿ ತೀರಾ ಮೇಲೆ, ಪಟ್ಟಿಯಲ್ಲಿ ತೀರಾ ಕೆಳಗೆ. 1984ರಲ್ಲಿ ಜಿಲ್ಲೆಯಾದಾಗಿನಿಂದ ಇದೇ ನಮ್ಮ ಹಣೆಬರಹ ಅನ್ನಿ.

ಬೇಕಲ ಕೋಟೆಗೆ ಅಷ್ಟು ಜನ ಬರ್ತಾರಲ್ಲ, ಅವರು ಯಾಕೆ ಉಳಿಯಲ್ಲ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ಬೇಕಲ ಕೋಟೆ 17ನೇ ಶತಮಾನದ್ದು, ಇಕ್ಕೇರಿಯ ಶಿವಪ್ಪ ನಾಯಕನ ಕಾಲದ್ದು. ಸುಮಾರು 40 ಎಕರೆ. ಕೇರಳದ ಅತಿ ದೊಡ್ಡ ಕೋಟೆಯನ್ನು ಕಟ್ಟಿಸಿದವನು ಮಲೆನಾಡಿನ ಕನ್ನಡದ ಅರಸ ಎಂದು ಶಿವಮೊಗ್ಗದ ಅತಿಥಿಗಳಿಗೆ ಹೇಳುವಾಗ ನನಗೆ ಒಳಗೊಳಗೇ ಖುಷಿ. 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಎಂದು ಘೋಷಿಸಿದರು, 1995ರಲ್ಲಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಶುರುವಾಯಿತು. ಅದೇ ವರ್ಷ ಬಂದ ಒಂದು ತಮಿಳು ಸಿನಿಮಾದ ಮಳೆಯ ಹಾಡಿನಿಂದ ಕೋಟೆಯ ಗೋಡೆ ದೇಶಕ್ಕೆಲ್ಲ ಪರಿಚಯವಾಯಿತು. ತಾಜ್, ಲಲಿತ್ ರೆಸಾರ್ಟ್‌ಗಳು ಬರಲು ಆಮೇಲೂ ವರ್ಷಗಟ್ಟಲೆ ಹಿಡಿಯಿತು, ಆದರೆ ಬಂದವು.

ಹಾಗಾದರೆ ತೊಂದರೆ ಎಲ್ಲಿ? ಮಂಗಳೂರಿನಿಂದ ಬೇಕಲಕ್ಕೆ ಸುಮಾರು 65 ಕಿಲೋಮೀಟರು. ತಿಂಡಿ ತಿಂದು ಹೊರಟವರು ದಾರಿಯಲ್ಲಿ ಅನಂತಪುರದ ಕೆರೆ ದೇವಸ್ಥಾನ, ಮಧೂರಿನ ಗಣಪತಿ ದೇವಸ್ಥಾನ ಮುಗಿಸಿ, ಹೊಸದುರ್ಗದ (ಕಾಞಂಗಾಡು) ಕಡೆ ಎಲ್ಲಾದರೂ ಊಟ ಮಾಡಿ, ಮೂರು ಗಂಟೆಗೆ ಕೋಟೆಗೆ ಬರುತ್ತಾರೆ. 25 ರೂಪಾಯಿಯ ಟಿಕೆಟು, ವೀಕ್ಷಣಾ ಗೋಪುರ ಹತ್ತಿ ನಾಲ್ಕು ಫೋಟೋ, ಸಮುದ್ರದ ಗಾಳಿ. ಸಂಜೆ ಕೋಟೆಯ ಬಾಗಿಲು ಹಾಕುತ್ತಾರೆ. ಪಕ್ಕದ ಬೀಚಿನಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಆಮೇಲೆ? ಏಳು ಗಂಟೆಯ ಮೇಲೆ ಮಾಡುವುದಕ್ಕೆ ಏನೂ ಇಲ್ಲ. ಕಾರು ತಿರುಗಿಸಿದರೆ ಊಟದ ಹೊತ್ತಿಗೆ ಮಂಗಳೂರು.

ಇಲ್ಲಿ ಉಳಿಯುವುದಾದರೆ ಕೈಗೆಟುಕದ ರೆಸಾರ್ಟು ಅಥವಾ ಪೇಟೆಯ ಲಾಡ್ಜು. ನಡುವಿನ ರೇಟಿನ, ಹೆಂಡತಿ ಮಕ್ಕಳ ಜೊತೆ ಧೈರ್ಯವಾಗಿ ಇಳಿಯಬಹುದಾದ ಜಾಗಗಳು ಈಗ ಒಂದೊಂದಾಗಿ ಏಳುತ್ತಿವೆ, ಸಾಲದು. ಕೋಟೆ ದುಡಿಯುವುದು ಹಗಲಿಗೆ, ರಾತ್ರಿಯ ದುಡ್ಡು ಮಂಗಳೂರಿಗೋ ಕಣ್ಣೂರಿಗೋ ಹೋಗುತ್ತದೆ. ಡಿಸೆಂಬರಿನ ಬೀಚ್ ಉತ್ಸವದ ದಿನಗಳಲ್ಲಿ ಮಾತ್ರ ಇದು ಉಲ್ಟಾ. 2022ರ ಕೊನೆಯಲ್ಲಿ ಮೊದಲ ಸಲ ಮಾಡಿದಾಗ ರಾತ್ರಿಯ ಕಾರ್ಯಕ್ರಮ ಇದ್ದದ್ದಕ್ಕೇ ಜನ ನಿಂತರು. ಅರ್ಥ ಮಾಡಿಕೊಳ್ಳಬೇಕಾದವರು ಮಾಡಿಕೊಳ್ಳಲಿ.

ನೆಂಟರ ಮನೆಯಲ್ಲಿ ಉಳಿದವರು ಯಾವ ಲೆಕ್ಕಕ್ಕೆ?

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಸೇರಿಸಿದೆ. ನನ್ನ ಪ್ರಕಾರ ಕಾಸರಗೋಡಿನ ಇಡೀ ಕಥೆ ಇಲ್ಲೇ ಇದೆ.

2025ರ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಮಧೂರಿನಲ್ಲಿ ಬ್ರಹ್ಮಕಲಶ (ದೇವಸ್ಥಾನ ಹೊಸದು ಮಾಡಿದ ಮೇಲಿನ ಅಭಿಷೇಕ), ಮೂಡಪ್ಪ ಸೇವೆ ಆಯಿತು. ಮೂಡಪ್ಪ ಎಂದರೆ ಗಣಪತಿಗೆ ರಾಶಿ ರಾಶಿ ಅಪ್ಪ ಒಪ್ಪಿಸುವ ಸೇವೆ, ದಶಕಗಳಿಗೊಮ್ಮೆ ನೋಡಲು ಸಿಗುವಂಥದ್ದು. ನಮ್ಮ ಮನೆಗೆ ಪುತ್ತೂರಿನಿಂದ, ಮೈಸೂರಿನಿಂದ, ಮುಂಬಯಿಯಿಂದ ಜನ. ಒಂದು ರಾತ್ರಿ ಎಣಿಸಿದೆ, ಹದಿನಾಲ್ಕು ಮಂದಿ. ಬಾಡಿಗೆಯ ಎರಡು ಕೋಣೆಗಳೂ ದೊಡ್ಡಪ್ಪನವರಿಗೆ, ಅತ್ತಿಗೆಯ ಅಮ್ಮನಿಗೆ. ಉಳಿದವರಿಗೆ ಜಗಲಿ, ಚಾವಡಿ. ಆ ವಾರ ನಮ್ಮ ರಿಜಿಸ್ಟರಿನಲ್ಲಿ ಬರೆದ ಅತಿಥಿಗಳು ಸೊನ್ನೆ. ಅಡುಗೆಮನೆಯಲ್ಲಿ ತೆಂಗಿನಕಾಯಿ ಎಷ್ಟು ಒಡೆದೆವು ಎಂದು ನನ್ನ ಹೆಂಡತಿಯನ್ನು ಕೇಳಿ.

ವಿಶ್ವಸಂಸ್ಥೆಯ ಲೆಕ್ಕದಲ್ಲಿ ಆ ಹದಿನಾಲ್ಕೂ ಜನ ಪ್ರವಾಸಿಗಳು. ಹೋಟೆಲು ಎಣಿಸುವ ಲೆಕ್ಕದಲ್ಲಿ ಒಬ್ಬರೂ ಇಲ್ಲ. ಮನೆ ಮನೆಗೆ ಹೋಗಿ ಕೇಳುವ ಸಮೀಕ್ಷೆಯಲ್ಲಿ ಮಾತ್ರ ಇಂಥವರು ಸಿಗುತ್ತಾರೆ. ಕೇಂದ್ರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2014-15ರಲ್ಲಿ, 72ನೇ ಸುತ್ತಿನಲ್ಲಿ, ಹೀಗೆ ಕೇಳಿದ್ದರು. ದೇಶದಲ್ಲಿ ಜನ ಮನೆ ಬಿಟ್ಟು ರಾತ್ರಿ ಕಳೆಯುವುದು ಬಹುಪಾಲು ನೆಂಟರಿಷ್ಟರ ಮನೆ, ಮದುವೆ, ಮುಂಜಿ, ಸಾವಿನ ಮನೆಗಾಗಿಯೇ ಎಂದು ಅದರಲ್ಲಿ ಕಂಡಿತು. ಹನಿಮೂನು, ಹೌಸ್‌ಬೋಟು ಎಲ್ಲ ಅದರ ಮುಂದೆ ಚಿಲ್ಲರೆ.

ನಮ್ಮ ಜಿಲ್ಲೆಗೆ ಇದು ಇನ್ನೂ ಜಾಸ್ತಿ ಹೊಂದುತ್ತದೆ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದರು, ಆದರೆ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ. ಗಡಿಯಾಚೆಯ ವಿಟ್ಲದ ಮಗಳು ಇಲ್ಲಿಯ ಪೆರ್ಲದಲ್ಲಿ, ನೀರ್ಚಾಲಿನ ಮಗ ಬೆಂಗಳೂರಿನಲ್ಲಿ. ದೀಪಾವಳಿಗೆ, ತಿಥಿಗೆ, ಭೂತದ ಕೋಲಕ್ಕೆ ಬಂದೇ ಬರುತ್ತಾರೆ, ಉಳಿದೇ ಉಳಿಯುತ್ತಾರೆ. ಬಂದವರನ್ನು ಲಾಡ್ಜಿಗೆ ಕಳಿಸಿದರೆ ಊರಲ್ಲಿ ಮುಖ ತೋರಿಸಲಿಕ್ಕಿಲ್ಲ.

ಗಲ್ಫಿನಿಂದ ರಜೆಗೆ ಬರುವವರು?

ಅವರೂ ಹೀಗೆಯೇ ತಪ್ಪಿಸಿಕೊಳ್ಳುತ್ತಾರೆ. ವಿಮಾನ ನಿಲ್ದಾಣದಲ್ಲಿ ಅನಿವಾಸಿ ಭಾರತೀಯರ ಎಣಿಕೆ ಬೇರೆಯಾಗಿ ಆಗುತ್ತದೆ. ಆದರೆ ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಇಳಿದು ಸೀದಾ ಮನೆಗೆ ಬಂದು ಒಂದು ತಿಂಗಳು ಉಳಿದರೆ ಜಿಲ್ಲೆಯ ಹೋಟೆಲ್ ಲೆಕ್ಕದಲ್ಲಿ ಅವರಿಲ್ಲ. ಜುಲೈ, ಆಗಸ್ಟಿನಲ್ಲಿ ಕಾಸರಗೋಡು ಪೇಟೆಯ ಬಟ್ಟೆ ಅಂಗಡಿಯವರನ್ನು ಕೇಳಿದರೆ ಯಾರು ಬಂದಿದ್ದಾರೆ ಎಂದು ಸರಿಯಾಗಿ ಹೇಳುತ್ತಾರೆ.

ತೆಯ್ಯಂ ನೋಡಲು ಬಂದರೆ ಎಲ್ಲಿ ಉಳಿಯಬೇಕು?

ಮೊದಲು ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ನೋಡಲೇಬೇಕಾದದ್ದೆಲ್ಲ ನಡೆಯುವುದು ರಾತ್ರಿ. ಚಂದ್ರಗಿರಿ ಹೊಳೆಯಿಂದ ಆಚೆ ತೆಯ್ಯಂ, ಅಂದರೆ ವೇಷ ಕಟ್ಟಿದವನ ಮೈಮೇಲೆ ದೈವ ಬರುವ ಆರಾಧನೆ; ಈಚೆ ಅದೇ ಥರದ ಕೋಲ, ನೇಮ, ಜೊತೆಗೆ ಯಕ್ಷಗಾನ. ಗೆರೆ ಅಷ್ಟು ನೇರ ಏನಿಲ್ಲ, ಈಚೆಯೂ ಕಳಿಯಾಟ (ತೆಯ್ಯಂ ಉತ್ಸವ) ಬೇಕಷ್ಟಿದೆ. ತೆಯ್ಯಂ ಶುರುವಾಗುವುದು ತುಲಾ ಮಾಸದ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ. ಮಳೆ ಹಿಡಿಯುವವರೆಗೆ ಇರುತ್ತದೆ. ವಿಷ್ಣುಮೂರ್ತಿ ದೈವದ ಒತ್ತೆಕೋಲದಲ್ಲಿ ದೈವ ಕೆಂಡಕ್ಕೆ ಬೀಳುವುದು ಬೆಳಗಿನ ಜಾವ. ಅದನ್ನು ನೋಡಬೇಕೆಂದರೆ ಎಚ್ಚರ ಇರಲೇಬೇಕು.

ಈಗ ನಿಮ್ಮ ಪ್ರಶ್ನೆ. ತೆಯ್ಯಂ ನಡೆಯುವ ಕಾವುಗಳೆಲ್ಲ (ದೈವದ ಬನಗಳು) ಒಳಗಿನ ಹಳ್ಳಿಗಳಲ್ಲಿ, ಹತ್ತಿರ ಹೋಟೆಲು ಇರುವುದಿಲ್ಲ. ನೀಲೇಶ್ವರ, ಹೊಸದುರ್ಗದ ಸುತ್ತ ಕೋಣೆ ಮಾಡಿಕೊಂಡು ಆಟೋದವರ ಹತ್ತಿರ ಇವತ್ತು ಎಲ್ಲಿ ಕಳಿಯಾಟ ಎಂದು ಕೇಳಿ. ಅವರಿಗೆ ಗೊತ್ತಿಲ್ಲದ್ದು ಇಲ್ಲ. ನಮ್ಮಲ್ಲಿಗೆ ಬಂದ ಪುಣೆಯ ಇಬ್ಬರು ಹುಡುಗರು ಎರಡು ರಾತ್ರಿಗೆ ದುಡ್ಡು ಕೊಟ್ಟು ಎರಡೂ ರಾತ್ರಿ ಕಾವಿನಲ್ಲೇ ಕೂತಿದ್ದರು, ಹಗಲು ಹನ್ನೊಂದರವರೆಗೆ ನಿದ್ದೆ. ಇವರು ರಾತ್ರಿ ತಂಗಿದ ಪ್ರವಾಸಿಗಳೋ, ಹಗಲು ತಂಗಿದವರೋ! ಇಡ್ಲಿ ಎರಡು ದಿನವೂ ತಣ್ಣಗಾಯಿತು.

ಫೋಟೋ ತೆಗೆಯುವವರು ದಯವಿಟ್ಟು ಅಲ್ಲಿಯ ಹಿರಿಯರನ್ನು ಒಮ್ಮೆ ಕೇಳಿ. ಅದು ಸ್ಟೇಜ್ ಪ್ರೋಗ್ರಾಂ ಅಲ್ಲ, ಒಂದು ಮನೆತನದ, ಒಂದು ಊರಿನ ದೈವ.

ಯಕ್ಷಗಾನದಿಂದಲೂ ಜನ ಉಳಿಯಬಹುದಲ್ಲ?

ಉಳಿಯುತ್ತಿದ್ದರು. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಕುಂಬಳೆ, ಇಲ್ಲಿ ಆಟ ಎಂದರೆ ಬೆಳಗಾಗುವ ತನಕ. ಈಗ ಕಾಲಮಿತಿ ಆಟ ಜಾಸ್ತಿ, ರಾತ್ರಿ ಹನ್ನೆರಡರ ಸುಮಾರಿಗೆ ಮಂಗಳ. ಬೈಕ್ ಹತ್ತಿ ಮನೆಗೆ.

ಆರು ಪಥದ ರಸ್ತೆ, ವಂದೇ ಭಾರತ್ ಬಂದ ಮೇಲೆ ಜನ ಜಾಸ್ತಿ ಆದ್ರಾ?

ಬರುವವರು ಜಾಸ್ತಿ ಆದಹಾಗೆ ಕಾಣುತ್ತದೆ. ಉಳಿಯುವವರು? ನನಗೆ ಅನುಮಾನ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ ಮಾಡಿದರು. ಮೊದಲು ಕುಂಬಳೆ ದಾಟುವಷ್ಟರಲ್ಲಿ ಸೊಂಟ ಹಿಡಿಯುತ್ತಿತ್ತು, ಇವತ್ತು ಇಲ್ಲೇ ಉಳಿಯೋಣ ಅನಿಸುತ್ತಿತ್ತು. ಈಗ ಮಂಗಳೂರಿನವನಿಗೆ ಬೇಕಲ ಎಂದರೆ ಮಧ್ಯಾಹ್ನದ ಊಟದ ಮೇಲೆ ಹೊರಡುವ ಜಾಗ. ರಸ್ತೆ ಚೆನ್ನಾದಷ್ಟೂ ಒಂದು ದಿನದ ಪ್ರವಾಸದ ಸುತ್ತಳತೆ ದೊಡ್ಡದಾಗುತ್ತದೆ, ಅದರೊಳಗೆ ನಾವು ಪೂರ್ತಿ ಮುಳುಗಿದ್ದೇವೆ. ಸರ್ವೀಸ್ ರಸ್ತೆಯಲ್ಲಿ ಎಲ್ಲಿ ತಿರುಗಬೇಕೆಂದು ಗೊತ್ತಾಗದೆ ಮೂರು ಕಿಲೋಮೀಟರ್ ಮುಂದೆ ಹೋಗಿ ಫೋನ್ ಮಾಡುವ ಅತಿಥಿಗಳ ಕಥೆ ಬೇರೆಯೇ ಇದೆ.

ರೈಲಿನದ್ದು ಬೇರೆ ಥರ. 2023ರ ಏಪ್ರಿಲಿನಲ್ಲಿ ತಿರುವನಂತಪುರದಿಂದ ಕಾಸರಗೋಡಿಗೆ ವಂದೇ ಭಾರತ್ ಬಂತು, ಸೆಪ್ಟೆಂಬರಿನಲ್ಲಿ ಇನ್ನೊಂದು. ದಕ್ಷಿಣ ಕೇರಳದಿಂದ ಎಂಟು ಗಂಟೆ ಕೂತು ಬಂದವನು ಅವತ್ತೇ ವಾಪಸು ಹೋಗುವುದಿಲ್ಲ, ಒಂದು ರಾತ್ರಿಯಾದರೂ ಬೇಕು. ನಮ್ಮಲ್ಲಿ ಕೊಲ್ಲಂ, ಕೋಟ್ಟಯಂ ಕಡೆಯ ಕುಟುಂಬಗಳು ಬರಲು ಶುರುವಾದದ್ದು ಅದರ ನಂತರವೇ. ಆ ಎರಡರಲ್ಲಿ ಒಂದನ್ನು 2024ರಲ್ಲಿ ಮಂಗಳೂರಿಗೆ ಮುಂದುವರಿಸಿದರು. ಒಳ್ಳೆಯದೇ, ಆದರೆ ಕೊನೆಯ ಸ್ಟೇಷನ್ ಆಗಿರುವುದರಲ್ಲಿ ಒಂದು ಲಾಭ ಇತ್ತು. ಕೊಲ್ಲೂರಿಗೆ ಹೋಗುವ ಮಲಯಾಳಿಗಳು ಮೊದಲಿನಿಂದಲೂ ನಮ್ಮನ್ನು ನಿದ್ದೆಯಲ್ಲೇ ದಾಟುತ್ತಾರೆ.

ಯಾವ ತಿಂಗಳು ಬರುವುದು ಒಳ್ಳೆಯದು?

ಡಿಸೆಂಬರ್, ಜನವರಿಯಲ್ಲಿ ಕೋಣೆ ಸಿಗುವುದು ಕಷ್ಟ. ನವೆಂಬರ್, ಫೆಬ್ರವರಿ ಆರಾಮ. ಮೇ ತಿಂಗಳು ಸೆಖೆ, ಬೆವರು, ಆದರೆ ಹಲಸು. ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಬೇಯಿಸುವ ಕಡುಬು) ತಿನ್ನಲಿಕ್ಕೆಂದೇ ಬರುವವರಿದ್ದಾರೆ. ಜೂನಿನಿಂದ ಮಳೆ, ನಮ್ಮ ಕೋಣೆ ಅರ್ಧ ರೇಟಿಗೆ. ಮಳೆಯಲ್ಲಿ ತೋಟ ನೋಡಿದವರು ಮತ್ತೆ ಮಳೆಗೇ ಬರುತ್ತಾರೆ, ಇದು ಏಳೆಂಟು ವರ್ಷದಲ್ಲಿ ನಾನು ಕಂಡದ್ದು. ಕರೆಂಟು ಹೋಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಎರಡು ರಾತ್ರಿ ಇದ್ದರೆ ಏನು ನೋಡಬಹುದು?

ಬೇಕಲ ಎಲ್ಲರಿಗೂ ಗೊತ್ತು, ಬಿಡಿ. ಒಂದು ದಿನ ದಕ್ಷಿಣಕ್ಕೆ ಹೋಗಿ: ವಲಿಯಪರಂಬದ ಹಿನ್ನೀರು, ನೀಲೇಶ್ವರದ ಹತ್ತಿರದ ಕೋಟ್ಟಪ್ಪುರದಿಂದ ಹೌಸ್‌ಬೋಟ್. ಆಲಪ್ಪುಳದ ನೂಕುನುಗ್ಗಲು ಇಲ್ಲ. ಬೆಟ್ಟ ಬೇಕಾದರೆ ರಾಣಿಪುರಂ, ಸುಮಾರು 750 ಮೀಟರ್ ಎತ್ತರ, ಹುಲ್ಲುಗಾವಲು, ಶೋಲಾ ಕಾಡು. ಮಳೆಗಾಲದಲ್ಲಿ ಉಂಬಳ ಇರುತ್ತದೆ, ಸುಣ್ಣ ಹೊಗೆಸೊಪ್ಪು ಜೇಬಿನಲ್ಲಿ ಇರಲಿ.

ಇನ್ನೊಂದು ದಿನ ಉತ್ತರಕ್ಕೆ: ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಪೊಸಡಿ ಗುಂಪೆ ಗುಡ್ಡ, ಅನಂತಪುರ. ಅನಂತಪುರದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿತು. ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡಿ. ಹೋದವರಿಗೆಲ್ಲ ದರ್ಶನ ಕೊಡುತ್ತದೆ ಎಂದೂ ಇಲ್ಲ.

ನನ್ನ ಮಟ್ಟಿಗೆ ನೋಡಲೇಬೇಕಾದದ್ದು ಸುರಂಗ. ಗುಡ್ಡದ ಜಂಬಿಟ್ಟಿಗೆಯನ್ನು ಅಡ್ಡಲಾಗಿ ಕೊರೆದು, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ ಮಾಡಿ, ಒಳಗಿನಿಂದ ನೀರು ಹರಿಸಿ ತರುವುದು. ಬಾಯಾರು, ಪೈವಳಿಕೆ ಕಡೆ ತೋಟ ತೋಟಕ್ಕೂ ಇವೆ. ಟಿಕೆಟ್ಟಿಲ್ಲ, ಬೋರ್ಡಿಲ್ಲ. ನಮ್ಮ ತೋಟದ್ದರ ಒಳಗೆ ಟಾರ್ಚ್ ಹಿಡಿದು ಇಪ್ಪತ್ತು ಹೆಜ್ಜೆ ಹೋದ ಮಕ್ಕಳು ಕೋಟೆಯನ್ನು ಮರೆತೇ ಬಿಡುತ್ತಾರೆ.

ಮಲಯಾಳ ಬಾರದಿದ್ದರೆ ತೊಂದರೆಯಾ?

ಇಲ್ಲ. ಸಪ್ತಭಾಷೆಯ ಊರು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕನ್ನಡ, ತುಳು ಸಾಕು. ಬಸ್ಸಿನ ಬೋರ್ಡ್ ಓದಲಾಗದಿದ್ದರೆ ಪಕ್ಕದವರನ್ನು ಕೇಳಿ.

ನಮ್ಮ ಮನೆಯಲ್ಲೂ ಖಾಲಿ ಕೋಣೆ ಇದೆ, ಹೋಮ್‌ಸ್ಟೇ ಮಾಡಬಹುದಾ?

ಮಾಡಬಹುದು. ಕೇರಳದಲ್ಲಿ ಹೋಮ್‌ಸ್ಟೇ ಎಂದರೆ ಮನೆಯವರು ಅಲ್ಲೇ ವಾಸ ಇರಬೇಕು, ಕೋಣೆಗಳು ಆರು ಮೀರಬಾರದು. ಪ್ರವಾಸೋದ್ಯಮ ಇಲಾಖೆ ಬಂದು ನೋಡಿ ಸಿಲ್ವರ್, ಗೋಲ್ಡ್, ಡೈಮಂಡ್ ಎಂದು ದರ್ಜೆ ಕೊಡುತ್ತದೆ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು, ಇದರಲ್ಲಿ ಉದಾಸೀನ ಬೇಡ. ಮತ್ತು ಒಂದು ರಿಜಿಸ್ಟರ್ ಇಟ್ಟು ಬಂದವರನ್ನೆಲ್ಲ ಬರೆಯಿರಿ. ಎಷ್ಟೋ ಮನೆಯವರು ತೆರಿಗೆಗೆ ಹೆದರಿ ಬರೆಯುವುದೇ ಇಲ್ಲ, ಆಮೇಲೆ ನಮ್ಮ ಕಡೆಗೆ ಸರಕಾರ ಏನೂ ಮಾಡುವುದಿಲ್ಲ ಎಂದು ಬೈಯುತ್ತಾರೆ. ಲೆಕ್ಕದಲ್ಲಿ ಇಲ್ಲದವರಿಗೆ ಬಸ್ಸು, ಬೀದಿದೀಪ ಯಾರು ಕೊಡುತ್ತಾರೆ?

ಆದಾಯದ ಬಗ್ಗೆ ಕನಸು ಕಾಣಬೇಡಿ. ಶನಿವಾರ ತುಂಬುತ್ತದೆ, ಮಂಗಳವಾರ ಯಾರೂ ಇಲ್ಲ. ಅಡಿಕೆ ಕೈಬಿಟ್ಟ ವರ್ಷ ಸ್ವಲ್ಪ ಆಸರೆ, ಅಷ್ಟೇ. ನಾವು ಶುರು ಮಾಡಿದಾಗ ಒಂದು ಬುಕಿಂಗ್ ಆ್ಯಪಿಗೆ ಸೇರಿದ್ದೆವು. ಅದರ ಮ್ಯಾಪಿನಲ್ಲಿ ನಮ್ಮ ಮನೆಯ ಗುರುತು ಎರಡು ಗುಡ್ಡ ಆಚೆ ಇತ್ತು. ಸರಿ ಮಾಡಿಸಲು ಐದು ತಿಂಗಳು ಹಿಡಿಯಿತು, ಅಷ್ಟರವರೆಗೆ ರಾತ್ರಿ ಹತ್ತಕ್ಕೆ ಅತಿಥಿಗಳು ಬೇರೆಯವರ ದನದ ಕೊಟ್ಟಿಗೆಯ ಮುಂದೆ ನಿಂತು ಹಾರ್ನ್ ಹೊಡೆಯುತ್ತಿದ್ದರು. ಆ ಮನೆಯವರು ಇನ್ನೂ ನಮ್ಮ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಕಾಸರಗೋಡಿನವರು ಹೊರಗೆ ಎಲ್ಲಿ ತಂಗುತ್ತಾರೆ?

ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ. ತಮಾಷೆಯಲ್ಲ. ಚಿಕಿತ್ಸೆಗೆ ಹೋಗಿ ರಾತ್ರಿ ಉಳಿದವರೂ ಪ್ರವಾಸದ ಲೆಕ್ಕಕ್ಕೆ ಬರುತ್ತಾರೆ, ಆಸ್ಪತ್ರೆಯ ಎದುರಿನ ಲಾಡ್ಜುಗಳ ಗಿರಾಕಿಗಳಲ್ಲಿ ನಮ್ಮವರೇ ಎಷ್ಟೋ ಮಂದಿ. ಕಳೆದ ವರ್ಷ ಅಮ್ಮನ ಆಪರೇಷನ್ನಿಗೆಂದು ನಾನು ಅಲ್ಲಿ ಒಂಬತ್ತು ರಾತ್ರಿ ಇದ್ದೆ. ಅದೇ ವಾರ ನಮ್ಮ ಎರಡು ಕೋಣೆಗಳಲ್ಲಿ ಇದ್ದವರು ಮಂಗಳೂರಿನವರು.

ಈ ಶನಿವಾರ ಕೋಣೆ ಇದೆಯಾ?

ಇಲ್ಲ, ನೆಂಟರು ಬರುತ್ತಾರೆ. ಮಂಗಳವಾರ ಬನ್ನಿ.